ನೀರು ಬದಲಾದಾಗ ಮೀನಿನ ನಡತೆ



ಈ ಅಂಕಣದಲ್ಲಿ ಆಚಾರ ವಿಚಾರಗಳ ಮಾತು, ಹಬ್ಬ ಹುಣ್ಣಿಮೆಗಳ ಮಾತು ಬರುವುದೇ ಹೆಚ್ಚು. ಈ ತಿಂಗಳು ಅವೆಲ್ಲವನ್ನೂ ಬದಿಗಿಟ್ಟು ಶಿವನಿಯ ನಮ್ಮ ಮನೆಯ ಪಡಸಾಲೆಯಲ್ಲಿರುವ ಒಂದು ಗಾಜಿನ ತೊಟ್ಟಿಯ ಸಂಗತಿಯನ್ನು ತಮ್ಮ ಮುಂದಿಡಲು ಹೊರಟಿದ್ದೇನೆ. ಮೀನನ್ನು ಮುಟ್ಟದ ಮನೆಯವರಿಗೆ ಮೀನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಇಂತಹ ತೊಟ್ಟಿಗಳು ಬಂದು ಕುಳಿತಿವೆ. ತಂದಿಟ್ಟ ಮೇಲೆ ಆ ಜೀವಗಳ ಸುಖದುಃಖಕ್ಕೆ ಮನೆಯ ಯಜಮಾನನೂ ಹೊಣೆಗಾರನೇ ಆಗುತ್ತಾನೆ. ಆ ಹೊಣೆಯನ್ನು ಅರಿಯದೆ ನಾನು ಮಾಡಿದ ಒಂದು ತಪ್ಪನ್ನೂ ಈ ಸಂದರ್ಭದಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ನನ್ನ ಮೊಮ್ಮಗ ಏಳನೆಯ ತರಗತಿಯ ವಿದ್ಯಾರ್ಥಿ. ಎಂಟು ತಿಂಗಳ ಹಿಂದೆ ಅವನ ತಂದೆ ಪಟ್ಟಣದಿಂದ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯೊಂದನ್ನು ತಂದುಕೊಟ್ಟನು. ಅದು ಸುಮಾರು ಐವತ್ತಾರು ಲೀಟರು ನೀರು ಹಿಡಿಯುವಂಥದು. ಅದರಲ್ಲಿ ನಾಲ್ಕು ಟೈಗರ್ ಬಾರ್ಬ್, ಎರಡು ಏಂಜಲ್ ಮೀನು. ಟೈಗರ್ ಬಾರ್ಬ್ ಎಂಬುದು ಸುಮಾತ್ರ, ಬೋರ್ನಿಯೋ ದ್ವೀಪಗಳ ಕಡೆಯ ಪುಟ್ಟ ಮೀನು. ಕಿತ್ತಳೆ ಛಾಯೆಯ ಮೈಮೇಲೆ ನಾಲ್ಕು ಕಪ್ಪು ಪಟ್ಟೆಗಳು. ಏಂಜಲ್ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರದೇಶದ್ದು. ತೆಳ್ಳನೆಯ ಎತ್ತರದ ಮೈ, ದಾರದಂತೆ ಇಳಿಬಿದ್ದ ಉದ್ದನೆಯ ಈಜುರೆಕ್ಕೆಗಳು. ಹುಡುಗನು ಈ ಮೀನುಗಳಿಗೆ ನಾವು ಕುಡಿಯುವ ನೀರನ್ನೇ ಹಾಕಬೇಕೆಂದು ಹಟ ಹಿಡಿದು, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದ ನೀರನ್ನೇ ತುಂಬಿದನು. ನೀರು ಆರಿ ಕಡಿಮೆಯಾದಾಗ ಅದನ್ನೇ ಒಂದೆರಡು ತಂಬಿಗೆ ಸೇರಿಸುತ್ತಿದ್ದನು. ಹಳೆಯ ನೀರನ್ನು ತೆಗೆದುದಂತೂ ಇಲ್ಲ. ಪಟ್ಟೆ ಮೀನುಗಳು ಆಗೊಮ್ಮೆ ಈಗೊಮ್ಮೆ ಏಂಜಲ್ಲಿನ ಬಾಲವನ್ನು ಕೆಣಕುತ್ತಿದ್ದುದನ್ನು ಬಿಟ್ಟರೆ ಎಲ್ಲವೂ ಸುಗಮವಾಗಿಯೇ ಇತ್ತು.

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಮನೆಯಲ್ಲಿ ಗುರುಗಳ ಪಾದಪೂಜೆ ಏರ್ಪಾಡಾಗಿತ್ತು. ಹಿಂದಿನ ದಿನ ಮನೆಯೆಲ್ಲ ಸಾರಿಸಿ ತೊಳೆಯುವಾಗ, ಗಾಜಿನ ಮೇಲೆ ಪಾಚಿ ಕಟ್ಟಿದ್ದ ತೊಟ್ಟಿ ನನ್ನ ಸೊಸೆಯ ಕಣ್ಣಿಗೆ ಬಿತ್ತು. ಮಗ ಶಾಲೆಯ ಆಟದ ಪಂದ್ಯಕ್ಕೆ ಹೋಗಿದ್ದನು. ಬರುವಷ್ಟರಲ್ಲಿ ಚೊಕ್ಕಟ ಮಾಡಿಟ್ಟರೆ ಅವನಿಗೆ ಸಂತೋಷವಾದೀತೆಂದು ಅವಳು ಮುಕ್ಕಾಲು ಪಾಲು ನೀರನ್ನು ಹೊರಗೆ ತೆಗೆದು, ಕಲ್ಲುಗಳನ್ನು ಉಜ್ಜಿ ಬೇರೆ ರೀತಿಯಲ್ಲಿ ಜೋಡಿಸಿ, ಕೊಳವೆ ಬಾವಿಯ ನೀರನ್ನು ನಲ್ಲಿಯಿಂದ ನೇರವಾಗಿ ತುಂಬಿದಳು. ನಾನೂ ಅಲ್ಲಿಯೇ ಕುಳಿತಿದ್ದೆ. "ಈಗ ನೋಡಮ್ಮ, ಪಡಸಾಲೆಗೇ ಒಂದು ಕಳೆ ಬಂತು" ಎಂದು ಮೆಚ್ಚಿದೆ.

ಸಂಜೆಯ ಹೊತ್ತಿಗೆ ಮೀನುಗಳೆಲ್ಲ ನೀರಿನ ಮೇಲುಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಸೋಮವಾರ ಬೆಳಗ್ಗೆ ಪಟ್ಟೆ ಮೀನುಗಳ ವರ್ತನೆಯೇ ಬೇರೆಯಾಗಿತ್ತು. ನಾಲ್ಕೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ, ಆ ಆಟದ ನಡುವೆ ಸಿಕ್ಕ ಏಂಜಲ್ಲಿನ ಈಜುರೆಕ್ಕೆಯನ್ನು ಕಚ್ಚಿ ಹರಿಯುತ್ತಿದ್ದವು. ಪೂಜೆಗೆ ಬಂದ ನೆಂಟರಿಷ್ಟರ ಮಕ್ಕಳು ತೊಟ್ಟಿಯ ಸುತ್ತ ನಿಂತು ಅದನ್ನು ವಿನೋದವೆಂದು ನೋಡಿದರು. ಮಂಗಳವಾರ ನಸುಕಿನಲ್ಲಿ ಒಂದು ಏಂಜಲ್ ಸತ್ತು ತೇಲುತ್ತಿತ್ತು. ಇನ್ನೊಂದು ಮೂಲೆಯಲ್ಲಿ ತಲೆ ಕೆಳಗಾಗಿ ಅಡಗಿತ್ತು.

ಹುಡುಗನು ತಾಯಿಯೊಡನೆ ಮಾತು ಬಿಟ್ಟನು. ಎರಡು ದಿನ ಅವಳು ಬಡಿಸಿದ ಅನ್ನವನ್ನೂ ಸರಿಯಾಗಿ ಉಣ್ಣಲಿಲ್ಲ. ಸೊಸೆಯು ಒಳಗೊಳಗೇ ನೊಂದು, "ಮಾವಾ, ನಾನು ಒಳ್ಳೇದಕ್ಕೇ ಮಾಡಿದ್ದು" ಎಂದಳು. ಆಗ ನಾನು ಹಿರಿಯನೆಂಬ ಗತ್ತಿನಲ್ಲಿ ಒಂದು ತೀರ್ಪು ಕೊಟ್ಟೆ: "ತಪ್ಪು ನಿನ್ನದೂ ಅಲ್ಲ, ಅವನದೂ ಅಲ್ಲ. ಆ ಪಟ್ಟೆ ಮೀನಿನ ಜಾತಿಯೇ ದುಷ್ಟ ಜಾತಿ. ನಾಳೆ ಅವನ್ನು ಒಯ್ದು ಕೆರೆಗೆ ಬಿಟ್ಟುಬಿಡೋಣ." ಹುಡುಗ ನನ್ನ ಮುಖವನ್ನು ನೋಡಿದನೇ ಹೊರತು ಮಾತನಾಡಲಿಲ್ಲ.

ಆ ತೀರ್ಪು ಜಾರಿಗೆ ಬರದಂತೆ ತಡೆದವರು ನನ್ನ ಬಾಲ್ಯಮಿತ್ರರು, ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಬುಧವಾರ ಅವರು ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಮೀನನ್ನು ನೋಡುವ ಬದಲು ಹಳೆಯ ನೀರೇನಾಯಿತು ಎಂದು ಕೇಳಿದರು. ಬಯಲುಸೀಮೆಯ ಮನೆಯಲ್ಲಿ ನೀರನ್ನು ಸುಮ್ಮನೆ ಚೆಲ್ಲುವವರುಂಟೆ? ತೊಟ್ಟಿಯಿಂದ ತೆಗೆದ ನೀರನ್ನು ಸೊಸೆಯು ಹಿತ್ತಲಿನ ತೆಂಗಿನ ಸಸಿಗಳಿಗೆಂದು ಬಕೆಟ್ಟುಗಳಲ್ಲಿ ಇಟ್ಟಿದ್ದಳು. ಒಂದು ಬಕೆಟ್ಟು ಇನ್ನೂ ಉಳಿದಿತ್ತು. ಮಿತ್ರರು ಮರುದಿನ ಪರೀಕ್ಷೆಯ ಹನಿಗಳನ್ನು ತಂದು, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ನೀರನ್ನು ಪರೀಕ್ಷಿಸಿದರು. ಹಳೆಯ ನೀರಿನ ಪಿ.ಎಚ್. ಆರರ ಹತ್ತಿರ, ತೊಟ್ಟಿಯ ಹೊಸ ನೀರಿನದು ಎಂಟರ ಹತ್ತಿರ. ಅಮೋನಿಯದ ಹನಿ ಹಾಕಿದಾಗ ಎರಡು ನಳಿಕೆಗಳೂ ಹಸಿರಾದವು; ಹಳೆಯ ನೀರಿನದು ಕಡು ಹಸಿರು. "ಸ್ವಾಮಿ, ನಿಮ್ಮ ಪಟ್ಟೆ ಮೀನು ಆರೋಪಿ ಮಾತ್ರ. ಅಪರಾಧ ನಡೆದದ್ದು ನೀರಿನಲ್ಲಿ" ಎಂದರು. ಅವರು ಅಂದು ವಿವರಿಸಿದುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಪಿ.ಎಚ್. ಎಂಬುದು ನೀರಿನ ಆಮ್ಲ, ಕ್ಷಾರ ಗುಣಗಳ ಅಳತೆ. ಏಳು ಎಂದರೆ ಎರಡೂ ಅಲ್ಲದ ಸಮಸ್ಥಿತಿ; ಏಳಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಅಳತೆಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಆರರಿಂದ ಎಂಟಕ್ಕೆ ಏರುವುದೆಂದರೆ ನೂರು ಪಟ್ಟು ಬದಲಾವಣೆ. ನಮ್ಮ ಮೀನುಗಳು ಅರ್ಧ ತಾಸಿನಲ್ಲಿ ಈ ಏರನ್ನು ದಾಟಬೇಕಾಯಿತು.

ಶುದ್ಧ ನೀರಿನ ಘಟಕದ ನೀರು ಏಕೆ ಆಮ್ಲವಾಯಿತು? ಆ ಯಂತ್ರವು ನೀರಿನಲ್ಲಿ ಕರಗಿದ ಲವಣಗಳನ್ನು ಬಹುಪಾಲು ತೆಗೆದುಹಾಕುತ್ತದೆ. ಅವುಗಳೊಡನೆ ಆಮ್ಲವನ್ನು ತಡೆದು ನಿಲ್ಲಿಸುವ ಕ್ಷಾರೀಯತೆಯೂ ಹೋಗುತ್ತದೆ. ಇತ್ತ ಮೀನುಗಳು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತಲೇ ಇರುತ್ತವೆ. ಕಲ್ಲು ಮರಳುಗಳ ಮೇಲೆ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಒಂದು ಗ್ರಾಂ ಅಮೋನಿಯ ಸಾರಜನಕ ಹೀಗೆ ಮಾರ್ಪಾಡಾಗಲು ಸುಣ್ಣದಕಲ್ಲಿನ ಲೆಕ್ಕದಲ್ಲಿ ಸುಮಾರು ಏಳು ಗ್ರಾಂ ಕ್ಷಾರೀಯತೆ ವ್ಯಯವಾಗುತ್ತದೆ. ಘಟಕದ ನೀರಿನಲ್ಲಿ ಅಷ್ಟು ಬಂಡವಾಳವೆಲ್ಲಿದೆ? ಅದು ತಿಂಗಳು ತಿಂಗಳಿಗೆ ಆಮ್ಲವಾಗುತ್ತ ಬಂದಿತು. ಆಮ್ಲ ಹೆಚ್ಚಿದಂತೆ ಆ ಸೂಕ್ಷ್ಮಜೀವಿಗಳ ಕೆಲಸವೂ ಕುಂಠಿತವಾಗಿ ಅಮೋನಿಯ ಉಳಿಯತೊಡಗಿತು.

ಆದರೂ ಮೀನುಗಳು ಬದುಕಿದ್ದುವಲ್ಲ ಎಂದು ಕೇಳಬಹುದು. ನಾನೂ ಕೇಳಿದೆ. ಆಮ್ಲದ ನೀರಿನಲ್ಲಿ ಅಮೋನಿಯವು ಅಮೋನಿಯಂ ಎಂಬ, ಅಷ್ಟಾಗಿ ಬಾಧಿಸದ ರೂಪದಲ್ಲಿರುತ್ತದೆ. ಇಪ್ಪತ್ತೈದು ಡಿಗ್ರಿ ಉಷ್ಣತೆಯಲ್ಲಿ, ಪಿ.ಎಚ್. ಆರು ಇದ್ದಾಗ ವಿಷರೂಪದ ಅಮೋನಿಯ ಹತ್ತು ಸಾವಿರ ಭಾಗಕ್ಕೆ ಆರು ಭಾಗದಷ್ಟು ಮಾತ್ರ. ಏಳಾದರೆ ಸಾವಿರಕ್ಕೆ ಆರು. ಎಂಟಾದರೆ ನೂರಕ್ಕೆ ಐದಕ್ಕಿಂತಲೂ ತುಸು ಹೆಚ್ಚು. ನಾವು ಮುಕ್ಕಾಲು ನೀರನ್ನು ತೆಗೆದೆವಾದರೂ ಉಳಿದ ಕಾಲು ಭಾಗದಲ್ಲಿದ್ದ ಅಮೋನಿಯಂ, ಕೊಳವೆ ಬಾವಿಯ ಕ್ಷಾರದ ನೀರು ಸೇರಿದೊಡನೆ ವಿಷವಾಗಿ ಮಾರ್ಪಟ್ಟಿತು. ತೊಟ್ಟಿ ಚೊಕ್ಕಟವಾಗಿ ಕಂಡ ಗಳಿಗೆಯಲ್ಲಿಯೇ ಅದು ಮೀನುಗಳ ಪಾಲಿಗೆ ಹಿಂದಿಗಿಂತ ಇಪ್ಪತ್ತು ಪಟ್ಟು ಘೋರವಾಗಿತ್ತು. ಆಳದಿಂದ ಆಗತಾನೆ ಮೇಲೆ ಬಂದ ನೀರಿನಲ್ಲಿ ಪ್ರಾಣವಾಯುವೂ ಕಡಿಮೆಯಿರುವುದುಂಟು. ಅವು ಬಾಯಿ ಬಿಟ್ಟದ್ದು ಇದರಿಂದ.

ಉಸಿರು ಕಟ್ಟಿದ ಮೀನು ಜಗಳವಾಡುವುದೇಕೆ ಎಂಬುದು ಮುಂದಿನ ಪ್ರಶ್ನೆ. ನಮಗೆ ಮುಖ ನೋಡಿ ಗುರುತು ಹಿಡಿಯುವ ಅಭ್ಯಾಸವಿರುವಂತೆ ಅನೇಕ ಮೀನುಗಳಿಗೆ ನೀರಿನಲ್ಲಿ ಕರಗಿದ ವಾಸನೆಯೂ ಒಂದು ಗುರುತು. ಯಾರು ಮೇಲು, ಯಾರು ಕೆಳಗೆ, ಯಾವ ಕಲ್ಲಿನ ನೆರಳು ಯಾರದು ಎಂಬ ಒಪ್ಪಂದ ಆ ವಾಸನೆಯ ಆಧಾರದಿಂದಲೂ ನಿಂತಿರುತ್ತದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2008ರಲ್ಲಿ ತಿಲಾಪಿಯ ಮರಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿ, ನೀರನ್ನು ಹೊಸದಾಗಿ ಬದಲಿಸಿದಾಗ ಅವುಗಳ ಕಾದಾಟ ಹೆಚ್ಚುವುದನ್ನು ತೋರಿಸಿದರು. ಕೆಲವು ವರ್ಷಗಳ ಬಳಿಕ ಏಂಜಲ್ ಮೀನುಗಳಲ್ಲಿಯೂ ಇದನ್ನೇ ಪರಿಶೀಲಿಸಿ, ಕಡಿಮೆ ಪ್ರಮಾಣದಲ್ಲಿ ನೀರು ಬದಲಿಸಿದಾಗ ಕಾದಾಟದ ಮೇಲಾಗುವ ಪರಿಣಾಮವೂ ಕಡಿಮೆಯೆಂದು ಕಂಡುಕೊಂಡರು. ನಮ್ಮ ತೊಟ್ಟಿಯಲ್ಲಿ ಹಳೆಯ ವಾಸನೆ ಹೋಯಿತು, ಕಲ್ಲುಗಳ ಜಾಗವೂ ಬದಲಾಯಿತು. ಎಲ್ಲವೂ ಮೊದಲಿನಿಂದ ತೀರ್ಮಾನವಾಗಬೇಕಾಯಿತು. ಅದರ ಮೇಲೆ ಕಿವಿರು ಉರಿಯುವ ಯಾತನೆ. ಸೋತು ಬಣ್ಣಗೆಟ್ಟ, ನಿಧಾನವಾಗಿ ಚಲಿಸುವ ಏಂಜಲ್ಲು ಎಲ್ಲರ ಸಿಟ್ಟಿಗೂ ಗುರಿಯಾಯಿತು.

ಹಾಗೆಂದು ಎಲ್ಲ ಜಗಳಕ್ಕೂ ನೀರೇ ಕಾರಣವೆಂದು ಹೇಳುವುದು ಸರಿಯಲ್ಲ. ಟೈಗರ್ ಬಾರ್ಬಿಗೆ ಇತರರ ಈಜುರೆಕ್ಕೆ ಕಚ್ಚುವ ಚಾಳಿ ಹುಟ್ಟಿನಿಂದಲೇ ಇದೆ. ಆರಕ್ಕಿಂತ ಕಡಿಮೆ ಸಂಖ್ಯೆಯಲ್ಲಿದ್ದರೆ ಆ ಚಾಳಿ ಹೆಚ್ಚು. ದೊಡ್ಡ ಗುಂಪಿನಲ್ಲಿದ್ದಾಗ ತಮ್ಮ ತಮ್ಮೊಳಗೇ ಆಟವಾಡಿ ತೀರಿಸಿಕೊಳ್ಳುತ್ತವೆ. ಅವುಗಳ ಜೊತೆಗೆ ಇಳಿಬಿದ್ದ ರೆಕ್ಕೆಯ ಏಂಜಲ್ಲನ್ನು ಅಷ್ಟು ಚಿಕ್ಕ ತೊಟ್ಟಿಯಲ್ಲಿ ಕೂಡಿಸಿದ್ದು ನಮ್ಮ ತಪ್ಪು. ಮೊಟ್ಟೆಯಿಟ್ಟ ಏಂಜಲ್ಲು ಕಾವಲು ನಿಂತು ಇತರರನ್ನು ಅಟ್ಟುವುದೂ ಉಂಟು. ಗೃಹಸ್ಥರು ಇದನ್ನು ಹೀಗೆ ವಿಂಗಡಿಸಿ ನೋಡಬಹುದು. ಒಂದೇ ಮೀನು ಒಂದು ಮೂಲೆಯನ್ನು ಕಾಯುತ್ತಿದ್ದು ಉಳಿದವು ಆರಾಮವಾಗಿ ಉಸಿರಾಡುತ್ತಿದ್ದರೆ ಅದು ಸ್ವಭಾವದ ಅಥವಾ ಸ್ಥಳದ ಜಗಳ. ಎಲ್ಲವೂ ಒಂದೇ ದಿನ ಕೆರಳಿ, ಕಿವಿರು ವೇಗವಾಗಿ ಬಡಿಯುತ್ತ, ರೆಕ್ಕೆ ಮುದುರಿಕೊಂಡು ಮೇಲೆ ಬರುತ್ತಿದ್ದರೆ ಮೊದಲು ನೀರನ್ನು ಪರೀಕ್ಷಿಸಬೇಕು.

ನಾವು ಆಗ ಮಾಡಿದ್ದೇನು? ಉಳಿದ ಏಂಜಲ್ಲನ್ನು ಬಲೆಯ ತಡೆ ಕಟ್ಟಿ ಬೇರ್ಪಡಿಸಿದೆವು. ಗುಳ್ಳೆ ಬಿಡುವ ಯಂತ್ರವನ್ನು ಹಗಲಿರುಳು ಓಡಿಸಿದೆವು. ಎರಡು ದಿನ ಆಹಾರ ಹಾಕಲಿಲ್ಲ. ತಿಂದಷ್ಟೂ ಅಮೋನಿಯ ಹೆಚ್ಚುತ್ತದೆ. ನನ್ನ ಮಗನು ಪಿ.ಎಚ್. ಇಳಿಸಲು ನಿಂಬೆಹಣ್ಣಿನ ರಸ ಹಿಂಡೋಣವೆಂದನು. ಮಿತ್ರರು ಒಪ್ಪಲಿಲ್ಲ. ಗಡಸು ನೀರಿನಲ್ಲಿ ಹುಳಿ ಹಾಕಿದರೆ ಪಿ.ಎಚ್. ಒಮ್ಮೆ ಇಳಿದು ಮತ್ತೆ ಏರುತ್ತದೆ. ಮೀನಿಗೆ ಇನ್ನೊಂದು ಆಘಾತವಾಗುತ್ತದೆ. ಅದರ ಬದಲು, ಅದೇ ಕೊಳವೆ ಬಾವಿಯ ನೀರನ್ನು ಒಂದು ದಿನ ಮೊದಲೇ ಹಿಡಿದು ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, ತೊಟ್ಟಿಯ ನೀರಿನಷ್ಟೇ ಬೆಚ್ಚಗಾದ ಮೇಲೆ, ದಿನಕ್ಕೆ ಐದನೆಯ ಒಂದು ಭಾಗದಂತೆ ನಿಧಾನವಾಗಿ ಬದಲಿಸಿದೆವು. ಪಂಚಾಯಿತಿಯ ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಈ ಕಾಯುವಿಕೆ ಇನ್ನೂ ಮುಖ್ಯ. ಕ್ಲೋರಿನ್ ಕಿವಿರನ್ನು ಸುಡುತ್ತದೆ. ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಕೆಲವು ನಗರಗಳಲ್ಲಿ ಬಳಸುವ ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಅದಕ್ಕೆ ಮೀನಿನ ಅಂಗಡಿಯಲ್ಲಿ ಸಿಗುವ ಔಷಧವೇ ಬೇಕು.

ಪಟ್ಟೆ ಮೀನುಗಳನ್ನು ಕೆರೆಗೆ ಬಿಡುವ ನನ್ನ ತೀರ್ಪನ್ನಂತೂ ಮಿತ್ರರು ಕಟುವಾಗಿಯೇ ಖಂಡಿಸಿದರು. ತೊಟ್ಟಿಯಲ್ಲಿ ಸಾಕಿದ ಮೀನು ಕೆರೆಯಲ್ಲಿ ಬಹುಮಟ್ಟಿಗೆ ಸಾಯುತ್ತದೆ. ಸಾಯದೆ ಬೆಳೆದರೆ ಅಲ್ಲಿಯ ಮೀನುಗಳ ಅನ್ನ ಕಸಿಯುತ್ತದೆ. ಹೊರದೇಶದಿಂದ ಬಂದ ತಿಲಾಪಿಯ ಇಂದು ನಮ್ಮ ಕೆರೆಕಟ್ಟೆಗಳನ್ನೆಲ್ಲ ಆಕ್ರಮಿಸಿರುವುದನ್ನು ತಾವೇ ನೋಡಿದ್ದೀರಿ. ದಯೆಯೆಂದು ಮಾಡಿದ ಕೆಲಸ ಹೀಗೆ ಹಿಂಸೆಯಾಗುವುದುಂಟು.

ನಮ್ಮ ಊರಿನ ನೀರಿನ ಬಗೆಗೂ ಎರಡು ಮಾತು ಹೇಳಬೇಕು. ಬೀರೂರು ಚಿಕ್ಕಜಾಜೂರು ರೈಲು ಮಾರ್ಗದಲ್ಲಿರುವ ಶಿವನಿಗೆ ಪಶ್ಚಿಮದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಮಲೆನಾಡು, ಪೂರ್ವದಲ್ಲಿ ಹೊಸದುರ್ಗದ ಬಯಲು. ಕಾಡಿನ ಮಳೆ ಹರಿದು ಬಂದ ನದಿಯ ನೀರು ಮೆದು. ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತು ಮೇಲೆ ಬರುವ ಕೊಳವೆ ಬಾವಿಯ ನೀರು ಗಡಸು. ಯಾವ ನೀರಿನಲ್ಲಿ ತೊಗರಿಬೇಳೆ ಬೇಯುತ್ತದೆ, ಯಾವುದರಲ್ಲಿ ಸೋಪು ನೊರೆ ಬರುವುದಿಲ್ಲ ಎಂಬುದು ನಮ್ಮ ತಾಯಂದಿರಿಗೆ ಪರೀಕ್ಷೆಯ ಹನಿಗಳಿಲ್ಲದೆಯೇ ತಿಳಿದಿತ್ತು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡವು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ. ಈಗ ಅಜ್ಜಂಪುರದ ಬಳಿ ಕೊರೆದ ಸುಮಾರು ಏಳು ಕಿಲೋಮೀಟರಿನ ಸುರಂಗದ ಮೂಲಕ ಭದ್ರೆಯ ನೀರು ವೇದಾವತಿಯ ಕಣಿವೆಗೂ ಹರಿದಿದೆ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 2022ರಲ್ಲಿಯೂ 2025ರಲ್ಲಿಯೂ ಮತ್ತೆ ತುಂಬಿ ಹರಿಯಿತು. ಒಂದೇ ಸೀಮೆಯಲ್ಲಿ ಮಳೆ ನೀರು, ಹೊಳೆ ನೀರು, ಕೊಳವೆ ಬಾವಿಯ ನೀರು, ಘಟಕದ ನೀರು ಎಂದು ನಾಲ್ಕು ಬಗೆ ಇರುವಾಗ, ಮೀನು ಸಾಕುವವರು ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಬದಲಿಸಲೇಬೇಕಾದರೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು.

ತೊಟ್ಟಿಯ ಈ ನ್ಯಾಯ ಕೆರೆಗೂ ಸಲ್ಲುತ್ತದೆ. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದವು. ಕೊಳಚೆ ಸೇರಿದ ನೀರಿನಲ್ಲಿ ಪ್ರಾಣವಾಯು ಕುಸಿದಿತ್ತು. ಕಣ್ಣಿಗೆ ನೀರು ನೀರಿನಂತೆಯೇ ಕಾಣುತ್ತದೆ. ಅದರ ಒಳಗಿನ ಕೇಡನ್ನು ಮೊದಲು ತಿಳಿಸುವುದು ಮೀನೇ.

ಈಗ ನಮ್ಮ ಮನೆಗೆ ಮರಳುತ್ತೇನೆ. ಮೂರು ವಾರಗಳಲ್ಲಿ ಉಳಿದ ಏಂಜಲ್ಲಿನ ಹರಿದ ರೆಕ್ಕೆಯ ಅಂಚಿನಲ್ಲಿ ತೆಳುವಾದ ಹೊಸ ಪೊರೆ ಮೂಡಿತು. ಅದು ಈಗ ಬೇರೆ ತೊಟ್ಟಿಯಲ್ಲಿದೆ. ಪಟ್ಟೆ ಮೀನುಗಳಿಗೆ ಇನ್ನೂ ನಾಲ್ಕು ಜೊತೆಗಾರರು ಬಂದಿದ್ದಾರೆ. ಕಚ್ಚಾಟವೆಂದರೆ ಅವುಗಳ ಆಟ ಮಾತ್ರ. ಪರೀಕ್ಷೆಯ ನಳಿಕೆ ಹಸಿರಾದ ದಿನ ಮಿತ್ರರು ಹುಡುಗನಿಗೆ, "ನಿಮ್ಮಮ್ಮ ಆ ಬಕೆಟ್ಟು ನೀರು ಚೆಲ್ಲಿಬಿಟ್ಟಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ ಮರಿ" ಎಂದಿದ್ದರು. ಆ ರಾತ್ರಿ ಅವನು ತಾಯಿಯನ್ನು ಕೇಳಿ ಎರಡನೆಯ ಸಲ ಸಾರು ಬಡಿಸಿಕೊಂಡನು. ನಾನು ಅವನೊಡನೆ, "ನಿನ್ನ ಮೀನನ್ನು ದುಷ್ಟ ಎಂದದ್ದು ನನ್ನ ತಪ್ಪು ಕಣಪ್ಪ" ಎಂದೆ. ಅವನು, "ಅಜ್ಜಾ, ನಾನೂ ಎಂಟು ತಿಂಗಳು ನೀರು ಬದಲಿಸಿರಲಿಲ್ಲ" ಎಂದನು.

ಮಠದ ಪಾಠಶಾಲೆಯಲ್ಲಿ ವರ್ಷಗಟ್ಟಲೆ ತರ್ಕಶಾಸ್ತ್ರ ಓದಿದವನು ನಾನು. ಕಾರ್ಯವನ್ನು ಕಂಡಾಗ ಕಾರಣವನ್ನು ವಿಚಾರಿಸದೆ ತೀರ್ಮಾನಿಸಬಾರದೆಂಬುದು ಅಲ್ಲಿಯ ಮೊದಲ ಪಾಠ. ಅರವತ್ತು ದಾಟಿದ ಮೇಲೆ ಐವತ್ತಾರು ಲೀಟರಿನ ಗಾಜಿನ ತೊಟ್ಟಿಯ ಮುಂದೆ ಅದನ್ನು ಮತ್ತೊಮ್ಮೆ ಕಲಿಯಬೇಕಾಯಿತು. ತಮ್ಮ ಮನೆಯಲ್ಲಿ ಸಾಧುವಾಗಿದ್ದ ಮೀನು ಒಂದು ದಿನ ಕಚ್ಚಲು ತೊಡಗಿದರೆ, ಅದನ್ನು ಬಯ್ಯುವ ಮೊದಲು ಹಿಂದಿನ ಎರಡು ದಿನಗಳಲ್ಲಿ ನೀರಿಗೆ ಏನು ಮಾಡಿದಿರೆಂದು ನೆನಪಿಸಿಕೊಳ್ಳಿರಿ. ನಮ್ಮ ಮನೆಯಲ್ಲಂತೂ ಈಗ ಪ್ರತಿ ಶನಿವಾರ ಸಂಜೆ ತಾಯಿ ಮಗ ಇಬ್ಬರೂ ಸೇರಿ ಒಂದು ಅಗಲವಾದ ಪಾತ್ರೆಗೆ ನೀರು ಹಿಡಿದು, ಧೂಳು ಬೀಳದಂತೆ ತೆಳುಬಟ್ಟೆ ಹೊದಿಸಿ, ಭಾನುವಾರದ ತನಕ ಅದನ್ನು ಮುಟ್ಟದೆ ಇಡುತ್ತಾರೆ.